ಹೊಗೆಯನ್ನು ಅಳೆಯುತ್ತಿದ್ದ ಮೀಟರ್ ಅಜ್ಜ

ಹೋದ ತಿಂಗಳು ಕಾರನ್ನು ಸರ್ವಿಸಿಗೆ ಬಿಟ್ಟಿದ್ದೆ. ಮೆಕ್ಯಾನಿಕ್ ಕಂಪ್ಯೂಟರ್ ಹಚ್ಚಿ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗಿದೆ ಮೇಡಂ" ಎಂದವನೇ ಹಳೆಯದನ್ನು ಬಿಚ್ಚಿ ಟ್ರೇಗೆ ಎಸೆದ. ಹೆಬ್ಬೆರಳ ಗಾತ್ರದ, ಮಸಿ ಹಿಡಿದ ಲೋಹದ ತುಂಡು, ಹಿಂದೊಂದು ವೈರಿನ ಬಾಲ. ಅದರ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ಹರಿಹರದ ಆ ತಗಡಿನ ಶೆಡ್ಡು ಕಣ್ಣ ಮುಂದೆ ಬಂತು... ಇಂಥದ್ದೇ ಒಂದನ್ನು ಮೀಟರ್ ಅಜ್ಜ ಹತ್ತಿಯಲ್ಲಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿ ಹಾಕಿ, ದೇವರ ಪಟದ ಕೆಳಗೆ ಇಡುತ್ತಿದ್ದರು.

ಅದು ತೊಂಬತ್ತರ ದಶಕದ ಕೊನೆ. ದಾವಣಗೆರೆಯ ವಿದ್ಯಾನಗರದಲ್ಲಿ ನಾನು ಹೆಂಗಸರಿಗೆ ಕಾರು ಕಲಿಸುತ್ತಿದ್ದೆ. ನನ್ನ ಬಂಡವಾಳ ಒಂದು ಹಳೆಯ ಕಾರು ಮತ್ತು ಬಡಾವಣೆಗೆಲ್ಲ ಕೇಳಿಸುವ ಬಾಯಿ. ಆವರಗೆರೆಯಿಂದ ಒಬ್ಬ ಹೆಣ್ಣುಮಗಳು ಕಲಿಯಲು ಬರುತ್ತಿದ್ದಳು. ನಮ್ಮ ಬೀದಿಯ ಡಾಕ್ಟರಮ್ಮನಿಗೆ ಹೆಣ್ಣು ಡ್ರೈವರೇ ಬೇಕಿತ್ತು. ಲೈಸೆನ್ಸ್ ತಂದರೆ ಆ ಕೆಲಸ ಇವಳಿಗೆ. ಆದರೆ ಟೆಸ್ಟಿನಲ್ಲಿ ಎರಡು ಸಲ, ಕ್ಲಚ್ ಬಿಡುವಾಗ ನನ್ನ ಈ ಗಾಡಿ ಕೆಮ್ಮಿ ನಿಂತುಹೋಗಿ, ಫೇಲಾಗಿದ್ದಳು. ಮುಂದಿನ ಸೋಮವಾರ ಮೂರನೆಯದು. ಅದೂ ಹೋದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು.

"ಗಾಡೀನೇ ನಿಲ್ತೈತ್ರಿ ಅಕ್ಕೋರೆ, ನನ್ ಕಾಲ್ದಲ್ಲ ತಪ್ಪು" ಅಂದಳು ಒಂದು ದಿನ.

"ಕುಣಿಯಾಕ ಬರದೋಳು ನೆಲ ಡೊಂಕು ಅಂದ್ಲಂತೆ" ಎಂದೆ, ಉಳಿದ ಶಿಷ್ಯೆಯರ ಎದುರಿಗೇ. ಎಲ್ಲರೂ ನಕ್ಕರು. ಅವಳು ತಲೆ ತಗ್ಗಿಸಿದಳು. ನಾನು ಓಡಿಸಿದರೆ ಗಾಡಿ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಅದಕ್ಕಿಂತ ಸಾಕ್ಷಿ ಇನ್ನೇನು ಬೇಕು ಎಂದು ನನ್ನ ಜಂಬ.

ಗಾಡಿ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಎಂಬ ಕಾರಣಕ್ಕೆ ಆ ವಾರ ಹರಿಹರಕ್ಕೆ ಹೊರಟೆ. ದಾರಿಯಲ್ಲಿ ಪಾಠವೂ ಆಗಲಿ ಎಂದು ಅವಳನ್ನೂ ಕರೆದುಕೊಂಡೆ. ಮೀಟರ್ ಅಜ್ಜ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮೀಟರುಗಳನ್ನು ರಿಪೇರಿ ಮಾಡಿ ನಿವೃತ್ತರಾಗಿ, ಅಲ್ಲಿನ ಶೆಡ್ಡಿನಲ್ಲಿ ಗಾಡಿಗಳ ರಿಪೇರಿಗೆ ಕೂತವರು. ನನ್ನ ದೂರು ಕೇಳಿದರು. ಗಾಡಿ ನಿಲ್ಲುವ ವಿಷಯ ಅವಳು ಮೆಲ್ಲಗೆ ಹೇಳಿದಾಗ ಅದನ್ನೂ ಅಷ್ಟೇ ಗಮನವಿಟ್ಟು ಕೇಳಿ, ಡಬ್ಬಿ ತೆಗೆದರು.

ಯಾವುದೋ ವಿದೇಶಿ ಕಾರಿನ ಆ ಸೆನ್ಸರ್ ಅವರಿಗೆ ಗುಜರಿಯಲ್ಲಿ ಸಿಕ್ಕಿತ್ತಂತೆ. ಹಳೆಯ ಟೇಪ್‌ ರೆಕಾರ್ಡರಿನ ಮುಳ್ಳಿನ ಮೀಟರನ್ನು ಅದಕ್ಕೆ ಜೋಡಿಸಿ, ಒಂದು ತುದಿಗೆ 'ಗಾಳಿ', ಇನ್ನೊಂದು ತುದಿಗೆ 'ಪೆಟ್ರೋಲ್' ಎಂದು ಪೆನ್ನಿನಲ್ಲಿ ಬರೆದಿದ್ದರು. "ಇದು ಹೊಗೆ ಮೂಸಿ, ಒಳಗ ಯಾವುದು ಹೆಚ್ಚಾಗೈತೆ ಅಂತ ಹೇಳ್ತೈತೆ" ಎಂದರು. ಆಗ ನಮ್ಮ ಪೆಟ್ರೋಲಿನಲ್ಲಿ ಸೀಸ ಬೆರೆತಿರುತ್ತಿತ್ತು. ಸೀಸ ಈ ಸೆನ್ಸರಿಗೆ ವಿಷ. ಹಚ್ಚಿದಷ್ಟು ಹೊತ್ತೂ ಅದು ಸ್ವಲ್ಪ ಸ್ವಲ್ಪ ಸಾಯುತ್ತಿತ್ತು. ಇನ್ನೊಂದು ಸಿಗುವ ಮಾತಿರಲಿಲ್ಲ. ಎಂಜಿನ್ನಿನ ಸದ್ದು ಕೇಳಿ ಪತ್ತೆಯಾಗದ ರೋಗಕ್ಕೆ ಮಾತ್ರ ಅಜ್ಜ ಅದನ್ನು ಹೊರಗೆ ತೆಗೆಯುತ್ತಿದ್ದರು.

ಸೈಲೆನ್ಸರ್ ಪೈಪಿಗೆ ತೂತು ಕೊರೆದು, ನಟ್ಟು ವೆಲ್ಡ್ ಮಾಡಿ, ಅದರಲ್ಲಿ ಸೆನ್ಸರ್ ತಿರುಗಿಸಿ ಕೂರಿಸಿದರು. ವೈರನ್ನು ಕಿಟಕಿಯಿಂದ ಎಳೆದುಕೊಂಡು, ಮೀಟರನ್ನು ತೊಡೆಯ ಮೇಲಿಟ್ಟು ಹಿಂದೆ ಕೂತರು. ನಾನು ಓಡಿಸಿದೆ. ಮುಳ್ಳು ಪೆಟ್ರೋಲಿನ ಕಡೆಗೆ ವಾಲಿ ಅಲ್ಲೇ ಇತ್ತು.

"ನೀವು ಇಳೀರಿ ಅಕ್ಕೋರೆ. ಆಯಮ್ಮ ಓಡಿಸ್ಲಿ."

"ಆಕಿಗೆ ಬರಲ್ಲ ಅಜ್ಜಾರೆ."

"ಅದಕ್ಕೇ ಅಂದೆ. ನೀವು ಕಲಿತೋರು. ಗಾಡಿ ತಪ್ಪನ್ನ ನಿಮ್ ಕಾಲೇ ಮುಚ್ಚಿಬಿಡ್ತೈತೆ."

ಅವಳು ನನ್ನ ಸೀಟಿಗೆ ಬಂದು ಕೂತು ಕ್ಲಚ್ ಬಿಟ್ಟಳು. ನಾನು ಕಿಟಕಿಗೆ ಬಾಗಿ ಮೀಟರನ್ನೇ ನೋಡುತ್ತಿದ್ದೆ. ಮುಳ್ಳು ಒಮ್ಮೆಗೇ 'ಗಾಳಿ' ಕಡೆಗೆ ಬಿತ್ತು, ಆಮೇಲೆ ಎಂಜಿನ್ ನಿಂತಿತು. ಮೂರು ಸಲವೂ ಹಾಗೇ. ಅಜ್ಜ ಬಾನೆಟ್ ಎತ್ತಿ, ಬ್ರೇಕ್ ಒತ್ತಿಕೊಂಡೇ ಕ್ಲಚ್ ಸ್ವಲ್ಪ ಬಿಡಲು ಹೇಳಿದರು. ಎಂಜಿನ್ ಒಂದು ಬದಿಗೆ ವಾಲಿದಾಗ, ಅದರಿಂದ ಬ್ರೇಕಿನ ಕಡೆಗೆ ಹೋಗುವ ರಬ್ಬರ್ ಪೈಪಿನಲ್ಲಿ ಸಣ್ಣ ಸೀಳೊಂದು ಬಾಯಿ ತೆರೆದು ಉಸ್ಸೆಂದು ಗಾಳಿ ಎಳೆಯಿತು. ಎಂಜಿನ್ ನೆಟ್ಟಗಾದರೆ ಮುಚ್ಚಿಕೊಳ್ಳುತ್ತಿತ್ತು. ನಾನು ಓಡಿಸುವಾಗ, ಸೀಳು ಬಾಯಿ ತೆರೆಯುವ ಹೊತ್ತಿಗೆ ನನ್ನ ಕಾಲು ತನಗೇ ಗೊತ್ತಿಲ್ಲದೆ ಆಕ್ಸಿಲರೇಟರ್ ಒತ್ತಿರುತ್ತಿತ್ತು. ಗಾಡಿ ಅದುರುತ್ತದೆಂದು, ಸೀಳು ಕಾಣದೆ, ಹಿಂದೊಮ್ಮೆ ಅದನ್ನು ನೋಡಿದ್ದ ಮೆಕ್ಯಾನಿಕ್ ಪೆಟ್ರೋಲ್ ಹೆಚ್ಚಿಸಿಟ್ಟಿದ್ದ. ಪೆಟ್ರೋಲ್ ಜಾಸ್ತಿ ಕುಡಿಯುತ್ತಿದ್ದುದಕ್ಕೂ ಅದೇ ಕಾರಣ. ನೆಲ ನಿಜವಾಗಿಯೂ ಡೊಂಕಾಗಿತ್ತು.

ಅಜ್ಜ ಪೈಪು ಬದಲಿಸಿ, ಮುಳ್ಳು ನೋಡುತ್ತಾ ಕಾರ್ಬೊರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು. ಎಂಜಿನ್ನಿನ ದನಿಯೇ ಬದಲಾಯಿತು. ಅವಳು ಕ್ಲಚ್ ಬಿಟ್ಟಳು. ಗಾಡಿ ಬೆಣ್ಣೆಯ ಹಾಗೆ ಹೊರಟಿತು. ಕಣ್ಣಿಗೆ ಕಾಣದ ಗಾಳಿಯನ್ನು ಒಬ್ಬ ಮನುಷ್ಯ ಹೀಗೆ ಹಿಡಿದು ತೋರಿಸಬಲ್ಲನೇ ಎಂದು ನಾನು ಬೆಪ್ಪಾಗಿ ನಿಂತಿದ್ದೆ. ಅಂಥ ಬೆರಗು ನನಗೆ ಮತ್ತೆ ಯಾರ ಮುಂದೆಯೂ ಆಗಿಲ್ಲ.

ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಮುಳ್ಳು ಮಂಕಾಗಿ, ಕೆಳಗೆ ಜಾರಿ, ಅಲ್ಲೇ ಉಳಿಯಿತು. ಅಜ್ಜ ಎರಡು ಸಲ ಬೆರಳಿನಿಂದ ತಟ್ಟಿದರು. "ಮುಗೀತು ಇದರದ್ದು. ಇರ್ಲಿ ಬಿಡ್ರಿ, ಕೆಲ್ಸ ಆತಲ್ಲ" ಎಂದರು. ಆಗ ಅವಳು ಸ್ಟೀರಿಂಗ್ ಹಿಡಿದುಕೊಂಡೇ ಬಿಕ್ಕತೊಡಗಿದಳು. "ಎಲ್ಲಾರ ಮುಂದ ನಂದೇ ತಪ್ಪು ಅಂದಿದ್ರು ಅಜ್ಜಾರೆ..." ಅಜ್ಜ ನನ್ನತ್ತ ನೋಡಿದರು.

ಸೋಮವಾರ ಅವಳು ಪಾಸಾದಳು. ಸುದ್ದಿ ಹೇಳಲು ಮರುದಿನವೇ ಹರಿಹರಕ್ಕೆ ಹೋದೆ. ಅಜ್ಜ ಖುಷಿಪಟ್ಟು, ಕೈ ಒರೆಸಿಕೊಳ್ಳುತ್ತಾ ಒಂದೇ ಮಾತು ಕೇಳಿದರು: "ಆಯಮ್ಮಗೆ ತಪ್ಪಾತು ಅಂದ್ರಾ?"

"ಹ್ಞೂ ಅಜ್ಜಾರೆ, ಅಂದೆ" ಎಂದೆ.

ಅಂದಿರಲಿಲ್ಲ. ಗುರು ಶಿಷ್ಯೆಯ ಮುಂದೆ ಬಗ್ಗುವುದೇ ಎಂಬ ಬಿಂಕ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಡಾಕ್ಟರಮ್ಮ ಬೇರೆ ಊರಿಗೆ ಹೋದರು. ಅವರ ಜೊತೆ ಅವಳೂ ಹೋದಳು, ಎಲ್ಲಿಗೆಂದು ನಾನು ವಿಚಾರಿಸಲೂ ಇಲ್ಲ. ಅಜ್ಜ ತೀರಿಕೊಂಡ ಸುದ್ದಿಯೂ ನನಗೆ ಗೊತ್ತಾದದ್ದು ವರ್ಷದ ಮೇಲೆ.

ಹೋದ ತಿಂಗಳು ಸರ್ವಿಸಿನಿಂದ ಬರುವಾಗ ದಾರಿಯುದ್ದಕ್ಕೂ ಅಂದಿನ ಅವರ ಮುಖವೇ ಕಣ್ಣಲ್ಲಿತ್ತು. ನನ್ನ ಉತ್ತರ ಕೇಳಿ, "ದೊಡ್ಡ ಮನಸ್ಸು ನಿಮ್ದು ಅಕ್ಕೋರೆ" ಎಂದು ಕೈ ಮುಗಿದಿದ್ದರು. ಹೊಗೆಯನ್ನೂ ಅಳೆಯದೆ ನಂಬದ ಮನುಷ್ಯ, ನನ್ನ ಮಾತನ್ನು ಹಾಗೇ ನಂಬಿಬಿಟ್ಟಿದ್ದರು.