ಎಡಗಡೆಯ ಗಂಟು

ಬೆಳಗಿನ ರೈಲು ಶಿವನಿ ನಿಲ್ದಾಣಕ್ಕೆ ಬರುವ ಮೊದಲೇ ಪ್ರೇಮಮ್ಮ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನ ಸೂಜಿಗೆ ದಾರ ಪೋಣಿಸುತ್ತಾರೆ. ಎದುರಿಗೆ ಗೇಣುದ್ದದ ಮರದ ಗೊಂಬೆ ಬರಿಮೈಯಲ್ಲಿ ನಿಂತಿದೆ. ಇನ್ನು ಮೂರು ದಿನಕ್ಕೆ ಅದು ರಾಣಿಯಾಗಬೇಕು.

ಅರವತ್ತಮೂರರ ಈ ತಾಯಿ ಹದಿನಾಲ್ಕು ವರ್ಷಗಳಿಂದ ಗೊಂಬೆಗಳಿಗೆ ಹಳೆಯ ಕಾಲದ ಉಡುಪು ಹೊಲಿಯುತ್ತಿದ್ದಾರೆ. ಸುಮಾರು ನಾನೂರು ಗೊಂಬೆಗಳು ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ದಸರೆಗೆ ಮೆರೆದಿವೆ. ಹೊಲಿದವರು ಯಾರೆಂದು ಕೇಳಿದವರಿಲ್ಲ. ಈ ವರ್ಷ ತರೀಕೆರೆಯ ಪ್ರದರ್ಶನಕ್ಕೆ ಹನ್ನೆರಡು ಗೊಂಬೆ ಬೇಕೆಂದು ಕರೆ ಬಂದಿತು. ಪಕ್ಕದಲ್ಲಿ ಹೆಸರಿನ ಚೀಟಿ ಇಡುವುದಾಗಿಯೂ ಹೇಳಿದರು.

"ಹೊಸ ಬಟ್ಟೆಗೆ ಸೊಕ್ಕು ಕಣ್ರೀ, ಗೊಂಬೆ ಮೇಲೆ ತಗಡಿನಂಗೆ ನಿಂತ್ಕೋತದೆ. ನೂರು ಸಲ ಒಗೆಸ್ಕೊಂಡಿದ್ದು ಹೇಳ್ದಂಗೆ ಕೇಳ್ತದೆ" ಎನ್ನುತ್ತಾರೆ. ಅಂಥ ಬಟ್ಟೆ ಮನೆಯಲ್ಲಿ ಉಳಿದದ್ದು ಪೆಟ್ಟಿಗೆಯಲ್ಲಿ ಮಾತ್ರ: ಎರಡು ವರ್ಷದ ಹಿಂದೆ ತೀರಿಕೊಂಡ ಪತಿ ಈರಣ್ಣನವರ ಪಂಚೆಗಳು. ಶಿವನನ್ನು ನೆನೆದು ಕತ್ತರಿ ಹಾಕಿದರು.

ತರೀಕೆರೆಗೆ ಒಯ್ದ ಗೊಂಬೆಗಳೆಲ್ಲವನ್ನೂ ಮೆಚ್ಚಿದ ಪ್ರದರ್ಶನದ ಹಿರಿಯರು, ನಿವೃತ್ತ ಮೇಷ್ಟ್ರು ಷಣ್ಮುಖಪ್ಪ, ವೀರನ ಗೊಂಬೆಯ ಬಳಿ ತಡೆದು ನಿಂತರು. ಪ್ರೇಮಮ್ಮ ತಮ್ಮೂರ ಕೆರೆ ಏರಿಯ ವೀರಗಲ್ಲನ್ನು ನೋಡಿ ಹೊಲಿದದ್ದು ಅದು.

"ಏನಮ್ಮ, ನಡುಕಟ್ಟಿನ ಗಂಟು ಬಲಕ್ಕಿರಬೇಕು. ಇಗೋ, ಪುಸ್ತಕದಲ್ಲಿ ಅದೇ ಕಲ್ಲಿನ ಪಟ. ಇಷ್ಟು ತಪ್ಪಿದ್ದರೆ ಹನ್ನೆರಡನ್ನೂ ಇಡೋದು ಹೇಗೆ?"

ಪ್ರೇಮಮ್ಮ ಕನ್ನಡಕ ಏರಿಸಿ ಪಟ ನೋಡಿದರು. "ಇದ್ರಲ್ಲಿ ಕತ್ತಿ ಎಡಗೈಲಿ ಹಿಡ್ದಿದಾನಲ್ಲ ಮೇಷ್ಟ್ರೇ! ಊಟಾನೂ ಎಡಗೈಲೇ ಮಾಡ್ತಿದ್ನಾ?"

ಸುತ್ತಲಿದ್ದವರು ನಕ್ಕರು. ಮೇಷ್ಟ್ರು ನಗಲಿಲ್ಲ. ಅಂದೇ ಮಧ್ಯಾಹ್ನ ಪ್ರೇಮಮ್ಮನ ಜೊತೆ ಬಸ್ಸು ಹತ್ತಿ ಶಿವನಿ ಊರಿಗೆ ಬಂದರು. ಏರಿಯ ಮೇಲೆ ಪ್ರೇಮಮ್ಮ ಕಲ್ಲಿಗೆ ಕೈಮುಗಿದು, ಸೆರಗಿನಿಂದ ಅದರ ಪಾಚಿ ಒರೆಸಿದರು. ಕತ್ತಿ ಬಲಗೈಯಲ್ಲಿತ್ತು. ಗಂಟು ಎಡಕ್ಕೆ. ಅಚ್ಚಿನಲ್ಲಿ ಪಟವೇ ಎಡಬಲ ಮಗುಚಿಹೋಗಿತ್ತು!

"ಇಪ್ಪತ್ತು ವರ್ಷ ಇದೇ ಪಟ ತೋರಿಸಿ ಪಾಠ ಹೇಳಿದೆನಲ್ಲಮ್ಮ" ಎಂದು ಮೇಷ್ಟ್ರು ತಲೆ ಮೇಲೆ ಕೈಯಿಟ್ಟುಕೊಂಡರು.

"ಪಾಠ ಬದಲಾಯ್ತು ಬಿಡಿ, ಮನೆಗೆ ಬಂದು ಮಜ್ಜಿಗೆ ಕುಡೀರಿ."

ಪ್ರದರ್ಶನದ ಮೊದಲ ದಿನ ಆ ಮೇಷ್ಟ್ರೇ ವೀರನನ್ನು ಎರಡೂ ಕೈಯಲ್ಲೆತ್ತಿ ನಡುವಿನ ಪೀಠದ ಮೇಲಿಟ್ಟರು. ಬಂದವರಿಗೆಲ್ಲ ಮೊದಲು ತೋರಿಸಿದ್ದು ಎಡಗಡೆಯ ಗಂಟು. ಜನ ಸಾಲುಗಟ್ಟಿ ನೋಡಿದರು. ಆ ವಾರವೇ ಇನ್ನೂ ಮೂವತ್ತು ಗೊಂಬೆಗಳಿಗೆ ಬೇಡಿಕೆ ಬಂದಿದೆ. ಇಂದು ಮುಂಜಾನೆಯ ರಾಣಿ ಅವುಗಳಲ್ಲಿ ಮೊದಲನೆಯವಳು.

ಚೀಟಿಯಲ್ಲಿ 'ಉಡುಪು: ಪ್ರೇಮಮ್ಮ, ಶಿವನಿ' ಎಂದು ಬರೆದ ದಿನ ಅವರು ಕೇಳಿದ್ದು ಒಂದೇ.

"ಕೆಳಗೆ ಇನ್ನೊಂದು ಸಾಲು ಹಿಡಿಸ್ತದೇನ್ ನೋಡಿ ಮೇಷ್ಟ್ರೇ. ಬಟ್ಟೆ: ಈರಣ್ಣ."