ಅರ್ಜಿಯ ಕೊನೆಯ ಅರ್ಧ ಪುಟ

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನಾನು ಎರಡನೇ ವರ್ಷಕ್ಕೆ ಬಂದಾಗ ಹೊಸದೊಂದು ಅನುಕೂಲ ಶುರುವಾಯಿತು. ಮೂರು ವಿಭಾಗಗಳಿಂದ ವಿಷಯ ಆರಿಸಿಕೊಂಡು ನಮ್ಮ ಡಿಗ್ರಿಯನ್ನು ನಾವೇ ಅಳತೆ ಕೊಟ್ಟು ಹೊಲಿಸಿಕೊಳ್ಳಬಹುದಿತ್ತು. ನಾನು ಪ್ರಾಣಿಶಾಸ್ತ್ರ, ಜಾನಪದ, ಧ್ವನಿಮುದ್ರಣ ಎಂದು ಬರೆದೆ. ರೇಷ್ಮೆ ಹುಳು ಸಾಕುವವರು ಕಿವಿಯಿಂದ, ಮೂಗಿನಿಂದ ತಿಳಿಯುವ ವಿದ್ಯೆಯನ್ನು ಓದಬೇಕೆಂಬುದು ನನ್ನ ಯೋಜನೆ. "ಇದೇನಮ್ಮಾ, ಡಿಗ್ರಿನಾ ಚಿತ್ರಾನ್ನಾನಾ?" ಎಂದು ಪ್ರಾಣಿಶಾಸ್ತ್ರದ ಮೇಷ್ಟ್ರು ನಕ್ಕರು. ನಕ್ಕು ಸಹಿಯನ್ನೂ ಹಾಕಿದರು.

ಅರ್ಜಿಯ ಕೊನೆಯ ಪ್ರಶ್ನೆ ಮಾತ್ರ ನನ್ನನ್ನು ಹಿಂಡಿತು. ಈ ಮೂರೂ ನಿಮಗೆ ಯಾಕೆ ಬೇಕು? ಉತ್ತರಕ್ಕೆ ಅರ್ಧ ಪುಟ ಜಾಗ. ನಾಲ್ಕು ಸಲ ಬರೆದೆ, ನಾಲ್ಕೂ ಸುಳ್ಳು. ಗ್ರಂಥಾಲಯದಲ್ಲಿ ಪೆನ್ನು ಹಿಡಿದು ಕೂತರೆ ಸಾಕು, ಹುಳುಗಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು, ತಗಡಿನ ಮೇಲೆ ತುಂತುರು ಬಿದ್ದ ಹಾಗೆ. ಫ್ಯಾನ್ ಆರಿಸಿ ನೋಡಿದೆ. ಆಗಲೂ ಕೇಳುತ್ತಿತ್ತು.

ನಮ್ಮದು ದಿಬ್ಬೂರಹಳ್ಳಿ ಕಡೆಯ ಊರು. ಮನೆಗೆ ಅಂಟಿಕೊಂಡೇ ಹುಳದ ಮನೆ. ಅದು ಅವ್ವನ, ಅಂದರೆ ಅಪ್ಪನ ತಾಯಿಯ ರಾಜ್ಯ. ಅವಳು ನಮ್ಮ ಜೊತೆ ಕನ್ನಡ ಆಡಿದರೆ ಹುಳುಗಳ ಜೊತೆ ತೆಲುಗು. "ತಿನಂಡಮ್ಮಾ, ತಿನಂಡಿ" ಎನ್ನುತ್ತಾ ಪ್ರತಿ ಹೊತ್ತಿನ ಮೊದಲ ಹಿಡಿ ಸೊಪ್ಪನ್ನು ಅವಳೇ ಹಾಕಬೇಕು. ಅಲ್ಲಿಯವರೆಗೆ ಅಪ್ಪನೂ ಬುಟ್ಟಿ ಹೊತ್ತು ಹೊಸ್ತಿಲ ಪಕ್ಕಕ್ಕೆ ಸರಿದು ನಿಲ್ಲಬೇಕು. ಹುಳುಗಳಿಗೆ ಘಾಟು ಆಗದು, ಅವ್ವ ಎಲೆಯಡಿಕೆ ಜೊತೆ ಹಾಕುವ ಹೊಗೆಸೊಪ್ಪಂತೂ ವಿಷ. ಕೈ ಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿರಲಿಲ್ಲ.

ಹಿಂದಿನ ವರ್ಷ, ಹಾಸ್ಟೆಲ್ ಸೇರಿದ ಹೊಸತರಲ್ಲಿ, ನಾನು ಹೋದೆ. ಹುಳುಗಳು ಗೂಡು ಕಟ್ಟಲು ಮೂರೋ ನಾಲ್ಕೋ ದಿನ ಬಾಕಿ. ಮೊಬೈಲಿನಲ್ಲಿ ಆ ಸದ್ದು ಹಿಡಿಯುವ ಹುಮ್ಮಸ್ಸಿನಲ್ಲಿ ಬಸ್ಸಿಳಿದವಳೇ ಒಳಗೆ ನುಗ್ಗಿದೆ, ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡಿದೆ. ಹಾಸ್ಟೆಲ್ ಸೊಳ್ಳೆಗೆಂದು ಬಳಿದುಕೊಂಡ ಮುಲಾಮು ಮೊಣಕೈವರೆಗೆ ಹಾಗೇ ಇತ್ತು. ಹುಳದ ಮನೆಯ ಪಕ್ಕದಲ್ಲೇ ಹುಟ್ಟಿ ಬೆಳೆದವಳು ನಾನು. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಮಾರನೇ ದಿನ ಹುಳುಗಳು ಹಸಿರು ನೀರು ಕಾರಿಕೊಂಡು ಸತ್ತವು. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ನಾನು ಬಾಯಿ ಬಿಡುವ ಮೊದಲೇ ಅವ್ವ ಹೇಳಿದಳು: "ನಂದೇ ತಪ್ಪು ಕಣಪ್ಪ. ಹೊಗೆಸೊಪ್ಪು ಮುಟ್ಟಿದ್ ಕೈ ತೊಳೀದೆ ಸೊಪ್ಪಾಕ್ಬಿಟ್ಟೆ."

"ವಯಸ್ಸಾಯ್ತು ಬಿಡಮ್ಮ ನಿಂಗೆ," ಅಪ್ಪ ಅವಳ ಮುಖ ನೋಡದೆ ಅಂದ. "ಇನ್ಮೇಲೆ ಒಳಗ್ ಬರ್ಬೇಡ."

ನಾನು ಸುಮ್ಮನಿದ್ದೆ. ಹಾಸ್ಟೆಲ್ ಬಿಡಿಸಿಬಿಟ್ಟಾರೆಂಬ ಹೆದರಿಕೆ. ಇದಕ್ಕಿಂತ ದೊಡ್ಡ ಕಾರಣವೇನಾದರೂ ಇತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ.

ಮುಂದಿನ ರೇಷ್ಮೆ ಬೆಳೆಗೆ ಅವ್ವ ಹುಳದ ಮನೆಯ ಹೊರಗೋಡೆಗೆ ಕಿವಿ ಆನಿಸಿ ಕೂತಿರುತ್ತಿದ್ದಳು. "ಮೂಲೆ ತಟ್ಟೆಗೆ ಸೊಪ್ಪು ಸಾಲ್ದು ಕಣೋ" ಎಂದು ಅಲ್ಲಿಂದಲೇ ಕೂಗುವಳು. ಅಪ್ಪ ಹೋಗಿ ನೋಡಿದರೆ ಆ ತಟ್ಟೆ ಬರಿದಾಗಿರುತ್ತಿತ್ತು. ಆ ಬೆಳೆ ಗೂಡು ಕಟ್ಟುವ ಮೊದಲೇ ಅವ್ವ ಹೋಗಿಬಿಟ್ಟಳು.

ಅರ್ಜಿಗೆ ಪೋಷಕರ ಸಹಿಯೂ ಮಾದರಿಗೊಂದು ಧ್ವನಿಮುದ್ರಣವೂ ಬೇಕಿತ್ತು. ಹುಳದ ಮನೆಯಲ್ಲಿ ಅವತ್ತು ಮೊಬೈಲಿನಲ್ಲಿ ಹಿಡಿದದ್ದರಲ್ಲಿ ಕೊನೆಯ ಮಾತುಗಳನ್ನು ಕತ್ತರಿಸಿ, ಬರೀ ಮೇಯುವ ಸದ್ದು ಉಳಿಸಿಕೊಂಡು ಊರಿಗೆ ಹೋದೆ. ಕೊನೆಯ ಅರ್ಧ ಪುಟ ಇನ್ನೂ ಖಾಲಿ. ಯೋಜನೆಯಲ್ಲಿ ಅವ್ವನ ಬಗ್ಗೆ ಬರೆದಿದ್ದ ಪುಟವನ್ನು ಅಪ್ಪ ತಿರುವಿದ. "ಅವ್ವನ ವಿಷ್ಯ ಹಾಕಿದೀಯಾ, ಒಳ್ಳೇದಾಯ್ತು. ಪಾಪ, ಕೊನೇಲಿ ಒಂದ್ ಬೆಳೆ ಕೆಡಿಸ್ಬಿಟ್ಲು" ಅಂದ.

ಆ 'ಪಾಪ' ಕೇಳಿ ನನಗೆ ತಡೆಯಲಾಗಲಿಲ್ಲ. ಕತ್ತರಿಸದೇ ಇದ್ದದ್ದನ್ನು ಮೊಬೈಲಿನಲ್ಲಿ ಹಾಕಿದೆ.

ಮೊದಲು ಮೇಯುವ ಸದ್ದು. ಅವ್ವನ ತೆಲುಗು. ಆಮೇಲೆ ತೀರಾ ಹತ್ತಿರದಲ್ಲಿ, ನನ್ನ ಕೈಯನ್ನು ಅವಳು ಮೂಸುವುದು. "ಏನೇ ಬಳ್ಕೊಂಡಿದೀಯ ಕೈಗೆ? ಸೊಳ್ಳೇದಾ? ಅಯ್ಯೋ ದೇವ್ರೇ. ಆಚೆ ನಡಿ. ನಿಮ್ಮಪ್ಪಂಗೆ ಹೇಳ್ಬೇಡ, ನಾನ್ ನೋಡ್ಕೊಂತೀನಿ."

ಅಪ್ಪ ಬೈಯಲೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂದ: "ಹೊಗೆಸೊಪ್ಪು ಎಡಗೈಲೇ ಕಣಮ್ಮ ಅವ್ಳು ಮುಟ್ತಿದ್ದಿದ್ದು. ಹುಳದ ಸೊಪ್ಪಿಗೆ ಬಲಗೈ. ಚಿಕ್ಕೋನಿದ್ದಾಗಿಂದ ನೋಡಿದೀನಿ. ಅವ್ಳಲ್ಲ ಅಂತ ನಂಗ್ ಗೊತ್ತಿತ್ತು."

ಸಹಿ ಹಾಕಿಕೊಟ್ಟ. ಅರ್ಧ ಪುಟದಲ್ಲಿ ನಡೆದದ್ದನ್ನೇ ಬರೆದೆ, ಕಾಲೇಜಿನವರು ಒಪ್ಪಿದರು. ಸದ್ದು ನಿಲ್ಲಲಿಲ್ಲ. ಈಗ ಅದು ನಮ್ಮಿಬ್ಬರಿಗೂ ಕೇಳುತ್ತದೆ ಎಂದು ನನಗೆ ಅನುಮಾನ.

ರಜೆಗೆ ಹೋದಾಗ ನೋಡುತ್ತೇನೆ. ಅಪ್ಪ ಕೈ ಕಾಲು ತೊಳೆದು, ಬುಟ್ಟಿ ಹೊತ್ತು, ಹುಳದ ಮನೆಯ ಬಾಗಿಲು ತೆರೆಯುತ್ತಾನೆ. ತೆರೆದು ಹೊಸ್ತಿಲ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ, ಒಂದು ಹಿಡಿ ಸೊಪ್ಪು ಹಾಕುವಷ್ಟು ಹೊತ್ತು. ಆಮೇಲೆ ಒಳಗೆ ಹೋಗುತ್ತಾನೆ. ಅವನ ಹಿಂದೆ ನಾನು.