ಅಂಗೈ ಮೇಲಿನ ನಂಬರ್

ಗೋವಿಂದರಾಜನಗರದ ಒಂದು ಪುಟ್ಟ ಲ್ಯಾಬಿನಲ್ಲಿ ಕಂಪ್ಯೂಟರು, ಇ-ಮೇಲು ಎಲ್ಲ ನೋಡಿಕೊಳ್ಳುವವನು ನಾನು. ಬಯಾಪ್ಸಿ ರಿಪೋರ್ಟ್ ಬರೆಯುವ ಡಾಕ್ಟರ್ ಮೇಡಂ ಮಲ್ಲತ್ತಹಳ್ಳಿಯ ಮನೆಯಿಂದಲೇ ಕೆಲಸ ಮಾಡುತ್ತಾರೆ. ನಮ್ಮ ಸರ್ವರ್‌ಗೆ ಮನುಷ್ಯರ ಗುರುತಿರಲಿಲ್ಲ. ಮೇಲ್ ಯಾವ ಇಂಟರ್ನೆಟ್ ಕನೆಕ್ಷನ್ನಿನ ನಂಬರಿನಿಂದ ಬಂತು ಎಂದಷ್ಟೇ ನೋಡುತ್ತಿತ್ತು. ಆ ನಂಬರ್ ನಾನು ಮಾಡಿಟ್ಟ ಪಟ್ಟಿಯಲ್ಲಿದ್ದರೆ ಮೇಲನ್ನು ಆಸ್ಪತ್ರೆಗೆ ಕಳಿಸುತ್ತಿತ್ತು, ಇಲ್ಲವಾದರೆ ಇಲ್ಲ. ಮೇಡಂ ಮನೆಯ ನಂಬರೋ, ಕರೆಂಟ್ ಹೋಗಿ ಬಂದಾಗಲೆಲ್ಲ ಬದಲಾಗುತ್ತಿತ್ತು. ದಿನಾ ಬೆಳಿಗ್ಗೆ ಅವರು ಅದನ್ನು ಫೋನಿನಲ್ಲಿ ಓದಿ ಹೇಳುವುದು, ನಾನು ಪಟ್ಟಿಗೆ ಸೇರಿಸುವುದು. ಒಂದು ಪಾಸ್‌ವರ್ಡ್ ಕೊಟ್ಟುಬಿಟ್ಟಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ನಾಳೆ ಮಾಡಿದರಾಯ್ತು ಎಂದು ಎರಡು ವರ್ಷ ತಳ್ಳಿದ್ದೆ. ಸೋಮಾರಿ ನಾನು, ಅದಕ್ಕೆ ಬೇರೆ ಹೆಸರಿಲ್ಲ.

ಆ ದಿನ ಕೆಂಗೇರಿಯ ಆಸ್ಪತ್ರೆಯಲ್ಲಿ ಹನ್ನೊಂದಕ್ಕೆ ನನ್ನ ಅಕ್ಕನ ಎದೆಯ ಗಡ್ಡೆಯ ಆಪರೇಷನ್. ಎಷ್ಟು ತೆಗೆಯಬೇಕೆಂದು ತಿಳಿಯಲು ಸರ್ಜನ್‌ಗೆ ನಮ್ಮ ಮೇಡಂ ರಿಪೋರ್ಟ್ ಬೇಕಿತ್ತು. ವಾರ್ಡಿನ ಹೊರಗೆ ಕಾಯುತ್ತಿದ್ದ ನನಗೆ ಹತ್ತು ಗಂಟೆಗೆ ಮೇಡಂ ಫೋನ್ ಬಂತು: “ಕರೆಂಟ್ ಹೋಗಿ ಬಂತು ರೀ, ಮೇಲ್ ಹೋಗ್ತಿಲ್ಲ. ಹೊಸ ನಂಬರ್ ಬರ್ಕೊಳ್ಳಿ.”

ಅಂಗೈ ಮೇಲೆ ಬರೆದುಕೊಂಡೆ. ಮೊಬೈಲಿನಿಂದ ಸರ್ವರ್ ತೆರೆಯಲು ಹೋದರೆ ಅದು ನನ್ನನ್ನೂ ಒಳಗೆ ಬಿಡಲಿಲ್ಲ. ಲ್ಯಾಬಿನೊಳಗಿಂದ ಮಾತ್ರ ತೆರೆಯುವಂತೆ ಮಾಡಿಟ್ಟವನು ನಾನೇ. ಅಲ್ಲಿ ಈ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ.

“ಮೇಡಂ, ನಂಗೆ ವಾಟ್ಸಾಪ್ ಮಾಡ್ಬಿಡಿ, ಕಾಲಿಗೆ ಬೀಳ್ತೀನಿ. ಪೇಷಂಟು ನಮ್ಮಕ್ಕ.”

“ನಮ್ಮಕ್ಕ ಅಂತ ಫೋನಲ್ಲಿ ಹೇಳಿದ್ರೆ ಹೇಗ್ರೀ ಕಳ್ಸೋದು? ಲ್ಯಾಬ್ ಮೇಲ್ ಬಿಟ್ಟು ಬೇರೆ ಎಲ್ಲೂ ರಿಪೋರ್ಟ್ ಹೋಗ್ಬಾರ್ದು ಅಂತ ರೂಲ್ ಮಾಡ್ಸಿದ್ದು ನೀವೇ ಅಲ್ವಾ?”

ಸ್ಕೂಟರ್ ಹತ್ತಿದೆ. ನಾಗರಬಾವಿಯಲ್ಲಿ ಟ್ರಾಫಿಕ್ ಮಿಸುಕಲಿಲ್ಲ. ಲ್ಯಾಬ್ ಮುಟ್ಟುವಷ್ಟರಲ್ಲಿ ಹನ್ನೊಂದಾಗಿತ್ತು. ನಂಬರ್ ಸೇರಿಸಿದೆ, ಆದರೂ ಮೇಲ್ ಹೋಗಲಿಲ್ಲ. ಮಲ್ಲತ್ತಹಳ್ಳಿಯಲ್ಲಿ ಕರೆಂಟ್ ಹೋಗಿ ಬರುತ್ತಲೇ ಇತ್ತು. ಮೇಡಂ ಓದಿ ಹೇಳುವುದರೊಳಗೆ ನಂಬರ್ ಹಳೆಯದಾಗುತ್ತಿತ್ತು. ಮೂರನೇ ಸಲಕ್ಕೆ ಅಳು ಬಂದುಬಿಟ್ಟಿತು. ಅಳುತ್ತಲೇ ಪಟ್ಟಿ ಕಿತ್ತೆಸೆದು, ಅವರಿಗೊಂದು ಪಾಸ್‌ವರ್ಡ್ ಮಾಡಿಕೊಟ್ಟೆ. ಇಪ್ಪತ್ತೇ ನಿಮಿಷದ ಕೆಲಸ. ರಿಪೋರ್ಟ್ ಹೋಯಿತು. ಅಷ್ಟು ಹೊತ್ತಿಗೆ ಸರ್ಜನ್ ಬೇರೆ ಪೇಷಂಟನ್ನು ಒಳಗೆ ಕರೆದುಕೊಂಡಿದ್ದರು.

ನಾನು ವಾಪಸು ಹೋದಾಗ, ಹಿಂದಿನ ದಿನದಿಂದ ಉಪವಾಸವಿದ್ದ ಅಕ್ಕ ಮಂಚದ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದಳು.

“ಮುಂದಿನ ವಾರ ಅಂತೆ ಕಣೋ,” ಅಂದಳು. “ಅಲ್ಲೀವರ್ಗೂ ಈ ಗಡ್ಡೇನ ಇಟ್ಕೊಂಡೇ ಇರ್ಬೇಕು. ಲ್ಯಾಬಿನವ್ರು ಯಾರೋ ರಿಪೋರ್ಟ್ ಲೇಟ್ ಮಾಡಿದ್ರಂತೆ. ನೀನು ಹೋಗಿ ಬೈಬೇಡ, ಪಾಪ ಅವ್ರಿಗೇನು ಕಷ್ಟವೋ.”

ರಿಪೋರ್ಟ್ ಬರಬೇಕಿದ್ದದ್ದು ನನ್ನ ಲ್ಯಾಬಿನಿಂದಲೇ ಎಂದು ಅವಳಿಗೆ ಗೊತ್ತಿರಲಿಲ್ಲ. ನಂಬರ್ ಬರೆದ ಕೈಯನ್ನು ಮುಷ್ಟಿ ಮಾಡಿಕೊಂಡು, ಇನ್ನೊಂದು ಕೈಯಿಂದ ಅವಳಿಗೆ ನೀರು ಕೊಟ್ಟೆ.